ಕೆಂಪು ಕಾರಿನ ಬಾಯಿಕಟ್ಟು

“ಹೆಂಗೈತಿ ಹಂಗ ಇಟ್ಕೊರಿ ಸಾಹೇಬ್ರ. ಒಂದು ನಟ್ಟೂ ಬಿಚ್ಚಬ್ಯಾಡ್ರಿ.”

ಗಂಗಾವತಿಯ ಹಳೆಯ ರೈಸ್ ಮಿಲ್ಲಿನ ಗೋದಾಮಿನಲ್ಲಿ ಶೇಖರಮ್ಮ ಈ ಮಾತು ಹೇಳಿದಾಗ ರವಿಕುಮಾರ ನಕ್ಕುಬಿಟ್ಟ. ನಗಬಾರದಿತ್ತು. ಆದರೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಕುಕನೂರು ಬಯಲಿನಲ್ಲಿ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ನೆತ್ತಿ ಹತ್ತಿ ರಿಪೇರಿ ಮಾಡುವ ಗಂಡಸಿಗೆ, ಹಣೆತುಂಬ ವಿಭೂತಿ ಬಳಿದುಕೊಂಡ ಮಿಲ್ಲಿನ ಯಜಮಾನಿಯೊಬ್ಬಳು ನಟ್ಟು ಬೋಲ್ಟಿನ ಬುದ್ಧಿ ಹೇಳಿದರೆ ನಗು ಬಾರದೆ ಇನ್ನೇನು ಬಂದೀತು? ಕೊಪ್ಪಳ ಸೀಮೆಯ ಅಳಿಯನಾಗಿ ಅವನು ಬಂದು ಎರಡು ವರ್ಷವೂ ತುಂಬಿರಲಿಲ್ಲ. ದೃಷ್ಟಿ, ಗಾಳಿ, ಮಾಟ ಎಂದು ಇಲ್ಲಿಯವರು ದನಿ ತಗ್ಗಿಸಿದಾಗಲೆಲ್ಲ ಇವನು ದನಿ ಏರಿಸಿ ಗೇಲಿ ಮಾಡುತ್ತಿದ್ದ.

ಗೋದಾಮಿನೊಳಗೆ ತೌಡಿನ ಮುಗ್ಗಲು ವಾಸನೆ. ಗೋಣಿಚೀಲಗಳ ಹಿಂದೆ ಇಲಿಗಳ ಸರಪರ. ತಾಡಪತ್ರಿ ಎಳೆದಾಗ ಧೂಳೆದ್ದು, ಅದರಡಿಯಿಂದ ಕಾರು ಹೊರಬಂತು. ಎರಡೇ ಬಾಗಿಲು, ನೆಲಕ್ಕೆ ಕೂತ ಮೈ, ಒಣಮೆಣಸಿನಕಾಯಿಯ ಕೆಂಪು. ಏಳೆಂಟು ವರ್ಷದ ಹಿಂದಿನ ಸ್ಪೋರ್ಟ್ಸ್ ಕಾರು ಅದು, ಆದರೂ ಓಡಿದ್ದು ಮೂರು ಸಾವಿರ ಚಿಲ್ಲರೆ ಕಿಲೋಮೀಟರ್ ಮಾತ್ರ. ಟೈರಿನ ಮೇಲಿನ ಸಣ್ಣ ರಬ್ಬರು ಮುಳ್ಳುಗಳು ಕೂಡ ಸವೆದಿರಲಿಲ್ಲ. ಮಗ ಕೊಟ್ರಪ್ಪ ಶೋಕಿಗೆ ತಂದವನು ಈಗ ಅತ್ತ ಹೊರಳಿಯೂ ನೋಡುವುದಿಲ್ಲವೆಂದೂ, ಗೋದಾಮು ಕೆಡವಿ ಕಲ್ಯಾಣ ಮಂಟಪ ಕಟ್ಟುವುದಿದೆಯೆಂದೂ, ಗುಜರಿಗೆ ಹಾಕಿದರೆ ಕತ್ತರಿಸಿಬಿಡುತ್ತಾರೆಂದೂ ಶೇಖರಮ್ಮ ಹೇಳಿದಳು. ಜೋಪಾನ ಮಾಡುವವರ ಕೈಗೆ ಕೊಡಬೇಕೆಂಬುದೇ ಆಕೆಯ ಆಸೆಯಂತೆ.

ಗಾಡಿಯ ಕಾಗದ ರವಿಕುಮಾರನ ಹೆಂಡತಿ ಮೇಘಾಳ ಹೆಸರಿಗೆ ಆಗಬೇಕು ಎಂದಾಗ ಮಾತ್ರ ಶೇಖರಮ್ಮನ ಮುಖ ಸಣ್ಣದಾಯಿತು. ಯಾವ ಗಾಡಿ ಯಾರ ರಾಶಿಗೆ ಕೂಡಿಬರುತ್ತದೆಂದು ಕೇಳಿಸದೆ ಈ ಕಡೆ ಯಾರೂ ಗಾಡಿ ಮನೆಗೆ ತರುವುದಿಲ್ಲ. ಮೇಘಾಳ ಅಪ್ಪ ಮಠಕ್ಕೆ ಹೋಗಿ ಕೇಳಿಸಿದ್ದ, ಮಗಳ ಹೆಸರಿಗೆ ಒಪ್ಪುತ್ತದೆಂದು ಬಂದಿತ್ತು. ರವಿಕುಮಾರ ಮಾವನನ್ನು ಚೆನ್ನಾಗಿ ಹಾಸ್ಯ ಮಾಡಿ, ಆಗಲಿ ಬಿಡ್ರಿ ಎಂದಿದ್ದ.

“ನಿಮ್ಮ ಹೆಸರಿಗೇ ಮಾಡಿಸ್ಕೊಂಡಿದ್ರ ಛಲೋ ಆಗ್ತಿತ್ತು,” ಎಂದಳು ಶೇಖರಮ್ಮ.

ಮೇಘಾ ಇರಕಲ್ಲಗಡದ ಸರ್ಕಾರಿ ಸಾಲಿಯಲ್ಲಿ ಟೀಚರು. ಮಾತಿನ ಮಲ್ಲಿ. ಮಗ್ಗಿ ಹೇಳಿಸಿ ಹೇಳಿಸಿ ಸ್ವಲ್ಪ ಒಡೆದ ದನಿ ಆಕೆಯದು. ಗಂಗಾವತಿಯಿಂದ ಭಾಗ್ಯನಗರದ ಬಾಡಿಗೆ ಮನೆಯವರೆಗೂ ಹೊಸ ಕಾರಿನಲ್ಲಿ ಆ ದನಿ ಒಂದು ಗಳಿಗೆ ನಿಲ್ಲಲಿಲ್ಲ. ಹೆಡ್‌ಮಾಸ್ತರರ ಜಿಪುಣತನ, ಬಿಸಿಯೂಟದ ಸಾಂಬಾರು, ಅಡುಗೆಯ ಪಕ್ಕೀರವ್ವನ ಕೈಗುಣ. ಪಾಪ, ಆಕೆಗೆ ಮಾತು ಬರುವುದಿಲ್ಲ, ಕೈಸನ್ನೆಯಲ್ಲೇ ಎಲ್ಲ. ರವಿಕುಮಾರ ಅರ್ಧ ಕೇಳುತ್ತಿದ್ದ, ಅರ್ಧ ಕೇಳುತ್ತಿರಲಿಲ್ಲ. ಆದರೆ ಆ ದನಿಯಿಲ್ಲದ ಮನೆಯನ್ನು ಅವನು ಊಹಿಸಿಕೊಳ್ಳಲಾರ. ಅಷ್ಟು ಪ್ರೀತಿ ಅವನಿಗೆ ಆಕೆಯ ಮೇಲೆ. ಅದನ್ನು ಬಾಯಿಬಿಟ್ಟು ಹೇಳಿದವನಲ್ಲ, ಅಷ್ಟೇ.

ಅವತ್ತೇ ಒಂದು ಸಂಗತಿ ಅವನ ತಲೆಗೆ ಹತ್ತಿತು. ಈ ಗಾಡಿಗೆ ದನಿಯೇ ಇಲ್ಲ. ಇಂಥ ಕಾರು ಗುಡುಗಬೇಕು. ಇದು ಗಂಟಲು ಹಿಡಿದವರ ಹಾಗೆ ಉಸುರುತ್ತಿತ್ತು.

ಅಲ್ಲಿಂದ ಶುರುವಾಯಿತು ಚಡಪಡಿಕೆ. ಮಾಡಿಫೈ ಮಾಡಿಸಬೇಕೋ, ಕಂಪನಿಯಿಂದ ಬಂದ ಹಾಗೇ ಇಡಬೇಕೋ? ಕಾರಿನ ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ, ಅಲ್ಲಿ ಜಗಳವೇ ಎದ್ದಿತು. ಇಷ್ಟು ಕಡಿಮೆ ಓಡಿದ ಗಾಡಿ ಕೋಟಿಗೊಂದು, ಬೋಲ್ಟು ಮುಟ್ಟಿದರೂ ಪಾಪ ಎಂದ ಒಬ್ಬ. ದನಿಯಿಲ್ಲದ ಸ್ಪೋರ್ಟ್ಸ್ ಕಾರು ಓಡಿಸುವ ಬದಲು ಬಸ್ಸಿಗೆ ಹೋಗು ಎಂದ ಇನ್ನೊಬ್ಬ. ರವಿಕುಮಾರ ಹೊಸ ಸೈಲೆನ್ಸರಿಗೆ ಆರ್ಡರ್ ಹಾಕಿದ, ರದ್ದು ಮಾಡಿದ, ಮತ್ತೆ ಹಾಕಿದ. ಊಟಕ್ಕೆ ಕೂತವನು ಎದ್ದು ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದ. ಫ್ಯಾನಿನ ಕಂಬದ ಬುಡದಲ್ಲಿ ಕೂತು, ಮೇಲೆ ರೆಕ್ಕೆಗಳು ವ್ಹೂಂ ವ್ಹೂಂ ಎನ್ನುವಾಗ, ಇದಕ್ಕಾದರೂ ಒಂದು ದನಿ ಇದೆಯಲ್ಲ ಎಂದು ಕುದಿಯುತ್ತಿದ್ದ.

ಇನ್ನೂ ಒಂದು ಕಿರಿಕಿರಿಯಿತ್ತು. ಇಂಜಿನ್ನು ಕಾದ ಮೇಲೆ ಕಾರಿನ ಹಿಂಭಾಗದಿಂದ ಕೂದಲು ಕಮರಿದ ವಾಸನೆ ಬರುತ್ತಿತ್ತು. ಭಾಗ್ಯನಗರದಲ್ಲಿ ಕೂದಲು ಹಸನು ಮಾಡುವ ಮನೆಗಳಿಗೇನು ಬರವೇ, ಅಲ್ಲಿಂದಲೇ ಬಂದಿರಬೇಕು ಎಂದುಕೊಂಡ. ಆದರೆ ಕುಷ್ಟಗಿ ಹೆದ್ದಾರಿಯ ಬಯಲು ಗಾಳಿಯಲ್ಲೂ ಅದೇ ವಾಸನೆ ಬಂತು.

ಹೆಂಗಿದೆಯೋ ಹಾಗೇ ಇರಲಿ ಬಿಡ್ರಿ, ಆ ಅಮ್ಮ ಅಷ್ಟು ಹೇಳಿದ್ದಾಳೆ, ಎಂದಳು ಮೇಘಾ ಒಂದು ಬೆಳಿಗ್ಗೆ. ಅಷ್ಟೇ ಸಾಕಾಯಿತು. ಮುದುಕಿಯ ಹೆದರಿಕೆಗೆ ತಾನು ಕಾರು ಮುಟ್ಟದೆ ಕೂತೆನೇ ಎಂಬ ರೋಷ ಉಕ್ಕಿ, ಅವತ್ತೇ ಕಾರನ್ನು ಶಫೀಸಾಬನ ಗ್ಯಾರೇಜಿಗೆ ಒಯ್ದ.

ಶಫೀಸಾಬನಿಗೆ ಹಿಗ್ಗೋ ಹಿಗ್ಗು. ಇಂಥ ಗಾಡಿ ಅವನ ಗ್ಯಾರೇಜಿನ ಹೊಸ್ತಿಲು ತುಳಿದದ್ದೇ ಮೊದಲು. ಹಾಡು ಗುನುಗುತ್ತ ಕೆಳಗೆ ತೂರಿ ಹಳೆಯ ಸೈಲೆನ್ಸರ್ ಇಳಿಸಿದ. ಇಳಿಸಿದವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಡಬ್ಬಿಯ ಹೊಟ್ಟೆಯನ್ನು ಯಾರೋ ಕೊಯ್ದು ಮತ್ತೆ ವೆಲ್ಡಿಂಗ್ ಮಾಡಿದ್ದರು. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನುತ್ತಿತ್ತು.

ಕೊಯ್ದು ತೆಗೆದರು. ಒಳಗಿದ್ದದ್ದು ಒಂದು ಸಣ್ಣ ಕಬ್ಬಿಣದ ಬೀಗ. ಮುಚ್ಚಿದ ಬೀಗ. ಅದರ ಕೊಂಡಿ, ನಾಲಗೆಯ ಆಕಾರಕ್ಕೆ ಕತ್ತರಿಸಿದ ತಾಮ್ರದ ತಗಡೊಂದನ್ನು ತೂರಿ ಹೋಗಿತ್ತು. ತಗಡಿನ ಸುತ್ತ ಉದ್ದುದ್ದ ಹೆಣ್ಣುಕೂದಲು. ಅಷ್ಟು ವರ್ಷ ಬೆಂಕಿಹೊಗೆಯಲ್ಲಿದ್ದೂ ಆ ಕೂದಲು ಸುಟ್ಟಿರಲಿಲ್ಲ. ಎಣ್ಣೆ ಹಚ್ಚಿ ಬಾಚಿದಂತೆ ಮಿರುಗುತ್ತಿತ್ತು.

ಶಫೀಸಾಬನ ಹಾಡು ನಿಂತಿತು. ಕೈಯನ್ನು ಅಂಗಿಗೆ ಒರೆಸಿಕೊಂಡು ದೂರ ಸರಿದ. ತಾನು ಇದನ್ನು ಮುಟ್ಟುವವನಲ್ಲ, ಇದ್ದ ಹಾಗೇ ವಾಪಸ್ ಇಟ್ಟು ಮುಚ್ಚಿಬಿಡಿ ಎಂದು ಅಂಗಲಾಚಿದ. ರವಿಕುಮಾರನಿಗೆ ಒಳಗೊಳಗೆ ಒಂದು ನಡುಕ ಬಂದದ್ದು ಸುಳ್ಳಲ್ಲ. ಬಂದದ್ದಕ್ಕೇ ಸಿಟ್ಟು ಬಂತು. ಕಟಿಂಗ್ ಮಷೀನು ಎತ್ತಿಕೊಂಡ. ಕಿಡಿ ಹಾರಿತು. ಕೊಂಡಿ ತುಂಡಾಯಿತು.

ಉಸ್ಸ್ ಎಂದು ಯಾರೋ ಬಹಳ ದಿನದ ಉಸಿರು ಬಿಟ್ಟ ಸದ್ದು. ಕಿವಿಯ ಹತ್ತಿರವೇ. ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳದವರಂತೆ ಇದ್ದರು.

ಹೊಸ ಸೈಲೆನ್ಸರ್ ಕೂತಿತು. ಕಾರು ಗುಡುಗಿತು. ರವಿಕುಮಾರನ ಮೈಯೆಲ್ಲ ಜುಮ್ಮೆಂದಿತು. ಅಷ್ಟರಲ್ಲಿ ಇರಕಲ್ಲಗಡದಿಂದ ಹೆಡ್‌ಮಾಸ್ತರರ ಫೋನು ಬಂತು, ಬೇಗ ಬರ್ರಿ ಎಂದು.

ಏಳರ ಮಗ್ಗಿ ಹೇಳಿಸುತ್ತಿದ್ದಳಂತೆ ಮೇಘಾ. ಏಳೆಂಟ್ಲೆ ಎಂದವಳ ಬಾಯಿ ಅಲ್ಲಿಗೇ ನಿಂತಿತು. ತುಟಿ ಆಡುತ್ತದೆ, ದನಿಯಿಲ್ಲ. ರವಿಕುಮಾರ ಹೋದಾಗ ಆಕೆ ಗಂಟಲು ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಕಣ್ಣು ಮಾತ್ರ ಮಾತಾಡುತ್ತಿದ್ದವು. ಮತ್ತು ಅಡುಗೆಮನೆಯ ಬಾಗಿಲಲ್ಲಿ, ಅದೇ ಗಳಿಗೆಗೆ ಬಾಯಿ ಬಂದ ಮೂಗಿ ಪಕ್ಕೀರವ್ವ, ಸೌಟು ಕೈಯಲ್ಲಿ ಹಿಡಿದುಕೊಂಡು, ಗೇಟಿನ ಹೊರಗೆ ನಿಂತ ಕೆಂಪು ಕಾರನ್ನೇ ನೋಡುತ್ತಿದ್ದಳು.

“ಇದ ಗಾಡಿ,” ಎಂದಳು ಆಕೆ. “ನನ್ನ ಹುಲಿಗೆಪ್ಪನ್ನ ಹಾಯ್ದ ಗಾಡಿ ಇದ. ಓಡಿಸ್ತಿದ್ದಾವ ಕೊಟ್ರಪ್ಪ. ನಾ ಕಣ್ಣಾರೆ ಕಂಡೀನಿ.”

ತುಕ್ಕು ಹಿಡಿದ ದನಿ. ಅದರೊಳಗಿನಿಂದ ಒಂದೊಂದೇ ಮಾತು ಬಿದ್ದವು. ಮಗ ರಸ್ತೆ ದಾಟುತ್ತಿದ್ದದ್ದು, ಕಾರು ಮೇಲೆ ಹಾಯ್ದದ್ದು, ಕೇಸು ನಡೆದದ್ದು, ಸಾಕ್ಷಿ ಹೇಳಲು ಕಟಕಟೆ ಹತ್ತಿದ ದಿನವೇ ತನ್ನ ಬಾಯಿ ಬಿದ್ದುಹೋದದ್ದು. ಕಂಡವಳು ಆಕೆಯೊಬ್ಬಳೇ. ಕೊಟ್ರಪ್ಪ ಬಿಡುಗಡೆಯಾದ. ಹೇಳುತ್ತ ಹೇಳುತ್ತ ಆಕೆ ಅತ್ತಳು, ನಕ್ಕಳು, ಮಗನ ಹೆಸರನ್ನು ಕೂಗಿ ಕೂಗಿ ನೋಡಿಕೊಂಡಳು. ಅಷ್ಟು ವರ್ಷ ಆಕೆ ಮಗನ ಹೆಸರು ಹಿಡಿದು ಅತ್ತಿರಲಿಲ್ಲ. ಬಂದು ರವಿಕುಮಾರನ ಕಾಲು ಮುಟ್ಟಿದಳು. ಅಡಗಿಸಿಟ್ಟಿದ್ದ ಗಾಡಿಯನ್ನು ಹೊರಗೆ ತಂದ ಪುಣ್ಯಾತ್ಮ ಇವನು ಎಂದು ಆಕೆಯ ಲೆಕ್ಕ.

ಹುಬ್ಬಳ್ಳಿಯ ಡಾಕ್ಟರು ಮೇಘಾಳ ಗಂಟಲಿಗೆ ಬೆಳಕು ಬಿಟ್ಟು ನೋಡಿ, ಏನೂ ದೋಷವಿಲ್ಲ, ಮನಸ್ಸಿಗೆ ಆಘಾತವಾಗಿರಬೇಕು ಎಂದರು. ಮನೆ ಬಣಗುಟ್ಟತೊಡಗಿತು. ಮೇಘಾ ಒಲೆಯ ಮುಂದೆ ನಿಂತು ತುಟಿ ಆಡಿಸುತ್ತಿದ್ದಳು, ಸುಮ್ಮನೆ, ಬರುತ್ತದೇನೋ ಎಂದು. ಅದನ್ನು ನೋಡಲಾಗದೆ ರವಿಕುಮಾರ ಹೊರಗೆ ಹೋಗುತ್ತಿದ್ದ. ಹೊರಗೆ ಕಾರು ನಿಂತಿರುತ್ತಿತ್ತು.

ಮೂರುಸಂಜೆಯ ಹೊತ್ತು. ಶೇಖರಮ್ಮನನ್ನೇ ಕೇಳಬೇಕೆಂದು ಗಂಗಾವತಿಗೆ ಹೊರಟ. ಊರು ದಾಟಿದ. ಕಾಲು ಒತ್ತಿದ. ಕಾರು ಗುಡುಗಿತು. ಗುಡುಗಿನೊಳಗೆ ಏನೋ ಇತ್ತು. ಕಾಲು ಸಡಿಲಿಸಿದ. ಇಲ್ಲ. ಮತ್ತೆ ಒತ್ತಿದ. ಇತ್ತು. ಒಡೆದ ದನಿ. ಪರಿಚಯದ ದನಿ. ಏಳೆಂಟ್ಲೆ ಐವತ್ತಾರು. ಗಾಜು ಏರಿಸಿದ. ಏಳೊಂಬತ್ಲೆ ಅರವತ್ಮೂರು. ಕೂದಲು ಕಮರಿದ ವಾಸನೆ ಮೂಗಿಗೆ ಅಡರಿತು. ಏಳ್ಹತ್ಲೆ ಎಪ್ಪತ್ತು. ನಿಲ್ಲಿಸಬೇಕು. ಕಾಲು ಕೇಳಲಿಲ್ಲ. ಕತ್ತಲಾಗುತ್ತಿತ್ತು. ಮಗ್ಗಿ ಮುಗಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಿಂದಿನ ಸೀಟಿನ ಕೆಳಗಿನಿಂದ, ಮೆಲ್ಲಗೆ, ರೀ ಎಂದಿತು. ರೀ. ಇಲ್ಲಿ ಕತ್ತಲೈತ್ರಿ.

ಗಂಗಾವತಿ ಮುಟ್ಟಿದಾಗ ಅವನ ಅಂಗಿ ತೊಯ್ದು ಹೋಗಿತ್ತು. ಗೇಲಿ ಮಾಡುವ ಬಾಯಿ ಒಣಗಿತ್ತು.

ಶೇಖರಮ್ಮ ಏನನ್ನೂ ಮುಚ್ಚಿಡಲಿಲ್ಲ. ಅದು ಬಾಯಿಕಟ್ಟು ಎಂದಳು. ಸಾಕ್ಷಿ ಹೇಳುವವರ ಬಾಯಿ ಕಟ್ಟುವ ವಿದ್ಯೆ. ಮಗನನ್ನು ಉಳಿಸಿಕೊಳ್ಳಲು ಮಾಡಿಸಿದ್ದು. ಕೊಂದ ಗಾಡಿಯ ಹೊಟ್ಟೆಯಲ್ಲೇ ಬೀಗ ಇಡಬೇಕು, ಆಗಲೇ ಅದು ನಿಲ್ಲುವುದು. ಆದರೆ ಕಟ್ಟು ಬರಿದಾಗಿ ಇರುವುದಿಲ್ಲ. ಒಂದು ಬಾಯಿ ಬಿಟ್ಟರೆ ಇನ್ನೊಂದನ್ನು ಹಿಡಿಯುತ್ತದೆ. ಗಾಡಿ ಯಾರ ಹೆಸರಲ್ಲಿದೆಯೋ ಅವರದೇ ಮೊದಲು.

ರವಿಕುಮಾರ ಆಕೆಯ ಮುಂದೆ ಕೈಮುಗಿದ. ಹೆಂಡತಿಯ ದನಿ ವಾಪಸ್ ಬೇಕು, ಅದಕ್ಕೆ ಏನು ಹೇಳಿದರೂ ಮಾಡುತ್ತೇನೆ ಎಂದ.

“ಹೆಂಗಿತ್ತೋ ಹಂಗ ಮಾಡ್ರಿ,” ಎಂದಳು ಶೇಖರಮ್ಮ. “ಹಳೇ ಡಬ್ಬಿ, ಹಳೇ ನಾಲಗಿ. ಹೊಸಾ ಬೀಗ ನಾ ಕೊಡ್ತೀನಿ. ಹಾಕುವಾಗ ಆ ಪಕ್ಕೀರವ್ವನ ಹೆಸರು, ಆಕಿ ತಾಯಿ ಹೆಸರು ಅನ್ನಬೇಕು. ಮಾಟಕ್ಕ ತಂದಿ ಹೆಸರು ನಡೆಯಾಂಗಿಲ್ಲ. ಅವತ್ತು ಹೆಸರು ಅಂದ ಮಾಟಗಾರ ಸತ್ತ, ನನಗ ಅದು ನೆನಪಿಲ್ಲ. ನೀವ ಕೇಳಿ ಬರ್ರಿ.” ಆಮೇಲೆ ಗಾಡಿಯನ್ನು ತನ್ನ ಗೋದಾಮಿನಲ್ಲೇ ತಂದು ನಿಲ್ಲಿಸಬೇಕೆಂದೂ, ಮತ್ತೆ ಯಾರೂ ಕೈಹಾಕಬಾರದೆಂದೂ ಹೇಳಿದಳು.

ಅಲ್ಲಿಂದ ಮನೆಗೆ ಬಂದವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಮಾಡಿಫೈ ಮಾಡಿದ ಕಾರು ಹಾಗೇ ಇದ್ದರೆ ಪಕ್ಕೀರವ್ವನ ಬಾಯಿ ಉಳಿಯುತ್ತದೆ, ಆಕೆಯ ಮಗನಿಗೆ ನ್ಯಾಯ ಸಿಕ್ಕೀತು, ಮೇಘಾ ಮೂಗಿಯಾಗಿ ಬದುಕಬೇಕು. ಕಂಪನಿಯಿಂದ ಬಂದ ಹಾಗೆ ಮಾಡಿದರೆ ಮೇಘಾ ಮಾತಾಡುತ್ತಾಳೆ, ಕೊಲೆಗಾರನೊಬ್ಬ ಇನ್ನೊಮ್ಮೆ ಪಾರಾಗುತ್ತಾನೆ. ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದ. ಒಳಗೆ ಮೇಘಾ ಪಾತ್ರೆ ತಿಕ್ಕುತ್ತ ಕೂತಿದ್ದಳು, ಸಪ್ಪಳವಿಲ್ಲದೆ ಅಳುತ್ತಿದ್ದಳು. ಅವನು ಕಾರು ಅಲ್ಲೇ ಬಿಟ್ಟು, ಬೈಕು ತೆಗೆದುಕೊಂಡು ಇರಕಲ್ಲಗಡಕ್ಕೆ ಹೋದ.

ಪಕ್ಕೀರವ್ವ ಅವನನ್ನು ಕಂಡು ಕೌದಿ ಹಾಸಿದಳು. ಚಹಾ ಇಟ್ಟಳು. ಸಾಲಿಯ ಅಕ್ಕೋರಿಗೆ ಹೀಗಾದದ್ದಕ್ಕೆ ಮರುಗಿದಳು, ಹುಲಿಗೆಮ್ಮಗೆ ಹರಕೆ ಹೊತ್ತಿದ್ದೇನೆ ಎಂದಳು. ಅವಳ ಗುಡಿಸಲಲ್ಲಿ ಮಾತು ಮಾತು ಮಾತು. ಇಷ್ಟು ವರ್ಷದ್ದೆಲ್ಲ ಒಮ್ಮೆಲೇ ಹೇಳಿ ಮುಗಿಸುವ ಆತುರ. ರವಿಕುಮಾರ ನೆಲ ನೋಡುತ್ತ, ಠಾಣೆಯವರಿಗೆ ಸಾಕ್ಷಿ ಕಾಗದ ಬರೆಯಬೇಕಾಗಿದೆ, ನಿಮ್ಮ ತಾಯಿಯ ಹೆಸರು ಬೇಕು ಎಂದ.

“ಮುದಕಮ್ಮ ಅಂತ್ರಿ ನಮ್ಮವ್ವ,” ಎಂದಳು ಆಕೆ. “ಭಾಳ ಮಾತಾಡಾಕಿ. ನನಗಿಂತಾ.” ಹೇಳಿ ನಕ್ಕಳು.

ಆ ನಗು ಅವನ ಎದೆಗೆ ಚುಚ್ಚಿತು. ಚುಚ್ಚಿದರೂ ಎದ್ದು ಬಂದ. ಇಂಥವನನ್ನು ಏನೆನ್ನಬೇಕು ಹೇಳಿ. ಹೆಂಡತಿಯ ಮೇಲಿನ ಪ್ರೀತಿ ಎನ್ನೋಣವೇ? ಇರಬಹುದು. ಆದರೆ ಅವನ ಹೊಟ್ಟೆಗೆ ಹೋದ ಚಹಾ ಪಕ್ಕೀರವ್ವನದು.

ಮರುದಿನ ಮಧ್ಯಾಹ್ನ ಶಫೀಸಾಬ ಗ್ಯಾರೇಜಿನ ಬೀಗದಕೈ ಕೊಟ್ಟು ರಸ್ತೆಯ ಆಚೆ ಹೋಗಿ ನಿಂತ. ರವಿಕುಮಾರ ಷಟರ್ ಎಳೆದುಕೊಂಡ. ಒಳಗೆ ಕತ್ತಲು, ಸುಟ್ಟ ಎಣ್ಣೆಯ ವಾಸನೆ. ಹೊಸ ಸೈಲೆನ್ಸರ್ ಬಿಚ್ಚಿ ಎಸೆದ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಡಬ್ಬಿ ಎತ್ತಿಕೊಂಡ. ತಾಮ್ರದ ನಾಲಗೆ ಕೈಗೆ ಬೆಚ್ಚಗೆ ಹತ್ತಿತು. ಒದ್ದೆಯಾಗಿತ್ತು. ಅಲುಗಾಡಿತು. ಬೆರಳಿನಲ್ಲಿ ಒತ್ತಿ ಹಿಡಿದ. ಕೂದಲು ಮಣಿಕಟ್ಟಿಗೆ ಸುತ್ತಿಕೊಂಡಿತು. ಪಕ್ಕೀರವ್ವ ಎಂದ. ಮುದಕಮ್ಮನ ಮಗಳು ಎಂದ. ಬೀಗ ಒತ್ತಿದ. ಕಟ್ ಎಂದಿತು. ನಾಲಗೆ ಸುಮ್ಮನಾಯಿತು. ಡಬ್ಬಿಯೊಳಗಿಟ್ಟು ವೆಲ್ಡಿಂಗ್ ಮಾಡಿದ.

ಕಾರನ್ನು ಗಂಗಾವತಿಯ ಗೋದಾಮಿಗೆ ಮುಟ್ಟಿಸಿದಾಗ ಅದು ಉಸಿರೆತ್ತಲಿಲ್ಲ. ತಾಯಿಯ ಹೆಸರು ಹೆಂಗ ಸಿಕ್ತು ಎಂದು ಶೇಖರಮ್ಮ ಕೇಳಿದಳು. ಸಾಕ್ಷಿ ಕಾಗದದ ನೆಪ ಹೂಡಿ ಕೇಳಿದ್ದನ್ನು ಅವನು ಹೇಳಿದ. ಆಕೆ ತಲೆದೂಗಿದಳು, ಶಾಣ್ಯಾ ಅದೀರಿ ಎಂದಳು.

ಬಸ್ಸಿನಲ್ಲಿ ಮನೆಗೆ ಬಂದರೆ ಬಾಗಿಲಲ್ಲೇ ಮೇಘಾಳ ದನಿ. ಅಳುವ ದನಿ, ಒಡೆದ ದನಿ, ಅವಳದೇ ದನಿ. ರವಿಕುಮಾರ ಕಟ್ಟೆಯ ಮೇಲೆ ಕೂತುಬಿಟ್ಟ. ಮೇಘಾ ಹೇಳಿದ್ದಿಷ್ಟು: ಪಕ್ಕೀರವ್ವ ತನ್ನನ್ನು ನೋಡಲು ಮಧ್ಯಾಹ್ನ ಮನೆಗೆ ಬಂದಿದ್ದಳು. ಪಕ್ಕದಲ್ಲಿ ಕೂತು ಆವತ್ತಿನದೆಲ್ಲ ಮೊದಲಿಂದ ಹೇಳಿದಳು. ಕಾರು ಯಾವ ಕಡೆಯಿಂದ ಬಂತು, ಕೊಟ್ರಪ್ಪ ಕೆಳಗಿಳಿದು ನೋಡಿ ಏನಂದ, ಮತ್ತೆ ಹತ್ತಿ ಹೇಗೆ ಹೋದ. ಹೇಳಿ ಮುಗಿಸಿ, ಮಗನ ಹೆಸರು ಹಿಡಿದು ಅಳುವಾಗ ಬಾಯಿ ನಿಂತಿತು. ಅದೇ ಹೊತ್ತಿಗೆ ತನ್ನ ಬಾಯಿ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರಂತೆ.

“ಆಕಿ ಬಾಯಿ ಹೋದ್ರೇನಾತು, ನನ್ನ ಬಾಯಿ ಐತಲ್ಲ,” ಎಂದಳು ಮೇಘಾ. “ನಾಳೆ ಠಾಣೆಕ ನಾ ಹೋಗ್ತೀನಿ ರೀ. ಆಕಿ ಹೇಳಿದ್ದೆಲ್ಲಾ ನಾ ಹೇಳ್ತೀನಿ.”

ಬೇಡ ಎನ್ನಲು ಇದ್ದ ಒಂದೇ ಕಾರಣವನ್ನು ಹೇಳುವ ಮುಖ ಅವನಿಗಿರಲಿಲ್ಲ. ಮೇಘಾ ಹೋದಳು, ಹೇಳಿದಳು, ಕೋರ್ಟಿಗೂ ಬರುತ್ತೇನೆ ಎಂದು ಬಂದಳು. ಸುದ್ದಿ ಆಕೆಗಿಂತ ಮೊದಲು ಗಂಗಾವತಿ ಮುಟ್ಟಿತು.

ಸಂಜೆ ರವಿಕುಮಾರನ ಫೋನು ರಿಂಗಾಯಿತು. ಶೇಖರಮ್ಮ. ಚಹಾ ಆಯಿತೇ ಎಂದು ವಿಚಾರಿಸಿದಳು. ಆಮೇಲೆ ಅದೇ ಮೆತ್ತನೆಯ ದನಿಯಲ್ಲಿ, “ನಿಮ್ಮ ಅತ್ತಿಯವರ ಹೆಸರೇನ್ರಿ ಸಾಹೇಬ್ರ?” ಎಂದಳು.

ಹೇಳುವುದಿಲ್ಲ ಎಂದ. ಸತ್ತರೂ ಹೇಳುವುದಿಲ್ಲ ಎಂದ. ಆಕೆ, ಇರಲಿ ಬಿಡ್ರಿ ಎಂದು ಫೋನು ಇಟ್ಟಳು. ಅವನು ಕಟ್ಟೆಯ ಮೇಲೆ ನಿಂತೇ ಇದ್ದ. ಕಾರು ಗೋದಾಮಿನಲ್ಲಿದೆ. ಕಾಗದ ಮೇಘಾಳ ಹೆಸರಿನಲ್ಲಿದೆ. ಇವತ್ತೇ ಈ ಊರು ಬಿಡಬೇಕು. ಮೇಘಾಗೆ ಎಲ್ಲ ಹೇಳಿಬಿಡಬೇಕು. ಈಗಲೇ ಹೇಳಬೇಕು.

ಒಳಗೆ ಮೇಘಾಳ ಫೋನು ರಿಂಗಾಗಿ ನಿಂತಿತು. ಅವಳು ಯಾರೊಂದಿಗೋ ನಗುನಗುತ್ತ ಮಾತಾಡುತ್ತಿದ್ದಳು. ಅವನು ಓಡಿದ. ಹೊಸ್ತಿಲು ಎಡವಿದ. ಮೇಘಾ ಎಂದು ಕೂಗಿದ.

“ಮಲ್ಲೇಶ್ವರಿ ಅಂತ್ರಿ ನಮ್ಮವ್ವ,” ಎನ್ನುತ್ತಿದ್ದಳು ಆಕೆ. ಫೋನು ಕೆಳಗಿಟ್ಟು ಅವನ ಕಡೆ ತಿರುಗಿದಳು. “ಠಾಣೆಯಿಂದಂತ ರೀ, ಯಾರೋ ಹೆಣ್ಣುಮಗಳು. ಸಾಕ್ಷಿ ಕಾಗದಕ್ಕ ಬೇಕಾಗಿತ್ತಂತ. ಯಾಕ ಹಂಗ ನಿಂತೀರಿ?”

ರವಿಕುಮಾರ ಆಕೆಯ ಎರಡೂ ಕೈ ಹಿಡಿದುಕೊಂಡ. ಮಾತಾಡು ಎಂದ. ಏನಾದರೂ ಮಾತಾಡುತ್ತಲೇ ಇರು ಎಂದ. ಆಕೆ ಅವನ ಮುಖ ನೋಡಿ ಗಾಬರಿಯಾಗಿ, ಏನನ್ನೋ ಕೇಳಲು ಬಾಯಿ ತೆರೆದಳು.